ಒಂದೇ ಉಣ್ಣೆಯ ಎರಡು ಸ್ವೆಟರ್

ನನ್ನ ಮಗುವಿನ ಮೊದಲ ಸ್ವೆಟರ್ ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಅದನ್ನು ಹೆಣೆದವರು ನಮ್ಮತ್ತೆ, ಅಪ್ಪನ ತಂಗಿ. ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಮೇಜಿನ ಹಿಂದೆ ಅರ್ಧ ಆಯುಷ್ಯ ಕಳೆದವರು. ಓದುವವರಿಗಿಂತ ಫ್ಯಾನಿನ ಗಾಳಿಗೆ ತೂಕಡಿಸಲು ಬರುವವರೇ ಹೆಚ್ಚಿದ್ದ ಆ ಕೋಣೆಯಲ್ಲಿ, ಮೇಜಿನ ಕೆಳಗೆ ಅವರ ಕಡ್ಡಿಗಳು ಓಡುತ್ತಲೇ ಇರುತ್ತಿದ್ದವು. ಎಷ್ಟೋ ಪುಸ್ತಕಗಳು ಹಾಳೆಯ ನಡುವೆ ಉಣ್ಣೆಯ ಎಳೆ ಕಚ್ಚಿಕೊಂಡೇ ಓದುಗರ ಮನೆ ಸೇರುತ್ತಿದ್ದವು. ಯಾಕೆ ಮದುವೆಯಾಗಲಿಲ್ಲ ಅಂತ ಕೇಳಿದರೆ, "ಪುರುಸೊತ್ತೆಲ್ಲಿತ್ತೇ? ನಿಮ್ಮೆಲ್ಲರ ಕಾಲುಚೀಲ ಯಾರು ಹೆಣೀತಿದ್ರು?" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

ಮನೆಯ ಮಕ್ಕಳ ಟೋಪಿ, ಸ್ವೆಟರ್ ಎಲ್ಲ ಅವರ ಕೈಯಿಂದಲೇ ಆಗಬೇಕು. ಚಿಕ್ಕದಾದದ್ದನ್ನು ಎಸೆಯುವ ಹಾಗಿಲ್ಲ. ಚೀಲಕ್ಕೆ ತುಂಬಿ ವಾಪಸು ಕಳಿಸಬೇಕು. ಅವರು ಅದನ್ನು ಬಿಚ್ಚಿ, ಉಂಡೆ ಸುತ್ತಿ, ಮುಂದಿನ ಮಗುವಿಗೆ ಹೆಣೆಯುತ್ತಾರೆ. ಇನ್ನೊಂದು ಹಟವೂ ಇತ್ತು. ಒಂದೇ ವಯಸ್ಸಿನ ಮಕ್ಕಳಿದ್ದರೆ ಇಬ್ಬರಿಗೂ ಒಂದೇ ಬಣ್ಣ, ಒಂದೇ ಅಳತೆ, ಅದೇ ಗುಂಡಿ. ಭೇದ ಮಾಡಿದಳು ಅಂತ ಯಾರೂ ಅನ್ನಬಾರದು, ಅಷ್ಟೇ ಅವರ ಲೆಕ್ಕ. ನಮಗೂ ಅದು ದೊಡ್ಡ ನ್ಯಾಯವಾಗಿಯೇ ಕಾಣುತ್ತಿತ್ತು.

ನನ್ನ ಇಬ್ಬರು ಅಣ್ಣಂದಿರು ತವರುಮನೆಯಲ್ಲೇ ಒಟ್ಟಿಗಿದ್ದಾರೆ. ಇಬ್ಬರು ಅತ್ತಿಗೆಯರೂ ಒಂದೇ ತಿಂಗಳಲ್ಲಿ ಹೆತ್ತರು, ಇಬ್ಬರಿಗೂ ಹೆಣ್ಣು. ದೊಡ್ಡತ್ತಿಗೆಯ ಮಗಳು ಕೆನ್ನೆ ಉಬ್ಬಿಸಿಕೊಂಡೇ ಹುಟ್ಟಿದ್ದರಿಂದ ಗುಂಡಮ್ಮ. ಚಿಕ್ಕತ್ತಿಗೆಯದು ಅಂಗೈಯಗಲದ ಕೂಸು, ಅದಕ್ಕೆ ಗುಬ್ಬಿ ಎಂದೆವು. ಅತ್ತೆ ಬೂದು ಎಳೆಗೆ ಕಿತ್ತಳೆ ಎಳೆ ಸೇರಿಸಿ ಜೋಡಿ ಸ್ವೆಟರ್ ಹೆಣೆದರು. ಮಕ್ಕಳನ್ನು ಹಿಂದಿನಿಂದ ನೋಡಿದರೆ ಹೆತ್ತವರೇ ತಬ್ಬಿಬ್ಬಾಗುತ್ತಿದ್ದರು.

ಗುಬ್ಬಿಗೆ ಎರಡು ತುಂಬುವ ಮೊದಲೇ ಜ್ವರ ಬಂತು. ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಕಣ್ಣೆದುರಿಗಿದ್ದರೆ ಸಂಕಟ ಅಂತ ಹಿರಿಯರು ಹೇಳಿ ಹೇಳಿ, ಚಿಕ್ಕತ್ತಿಗೆಯಿಂದ ಮಗುವಿನ ಬಟ್ಟೆಬರೆಯನ್ನೆಲ್ಲ ಕೊಡಿಸಿಬಿಟ್ಟರು. ಆ ಸ್ವೆಟರೊಂದನ್ನು ಮಾತ್ರ ಅವಳು ತನ್ನ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟುಕೊಂಡಳು. ಗೊತ್ತಿದ್ದದ್ದು ನನಗೊಬ್ಬಳಿಗೇ. ಎರಡು ವರ್ಷ ಹಾಗೇ ಇತ್ತು. ಮುಗ್ಗಲು ಹಿಡಿದೀತೆಂದು ಒಂದು ದಿನ ಟೆರೇಸಿನ ಕುರ್ಚಿಯ ಮೇಲೆ ಬಿಸಿಲಿಗೆ ಹಾಕಿ ಕೆಳಗಿಳಿದಳಂತೆ. ಮತ್ತೆ ಹತ್ತಿ ನೋಡಿದರೆ ಕುರ್ಚಿ ಖಾಲಿ. ಗಾಳಿಯೋ ಕಾಗೆಯೋ ಅಂತ ಪಕ್ಕದ ಮನೆಯ ಚರಂಡಿಯವರೆಗೂ ತಡಕಿದ್ದಾಳೆ. ಯಾರನ್ನಾದರೂ ಕೇಳೋಣವೆಂದರೆ ಬಚ್ಚಿಟ್ಟದ್ದು ಬಯಲಾಗುತ್ತದೆ. ಫೋನಿನಲ್ಲಿ ನನ್ನ ಹತ್ತಿರ, "ಅವಳದ್ದು ಅಂತ ಇದ್ದಿದ್ದು ಅದೊಂದೇ ಕಣೇ" ಎಂದು ಬಿಕ್ಕಿದಳು. ನಾನಾಗ ತುಂಬು ಬಸುರಿ.

ನನಗೆ ಮಗ ಹುಟ್ಟಿದ. ತಿಂಗಳಾದ ಮೇಲೆ ತವರಿನವರೆಲ್ಲ ಒಂದು ಬೆಳಿಗ್ಗೆ ನೋಡಲು ಬಂದರು. ನನ್ನ ಸಣ್ಣ ಕೋಣೆ, ಮಂಚದ ತುಂಬ ಜನ. ಅತ್ತೆ ಬಂದವರೇ ಕೈ ತೊಳೆದು, ಕೂಸಿಗೆ ತಾವು ತಂದ ಸ್ವೆಟರ್ ತೊಡಿಸಿದರು. ಬೂದು, ಕಿತ್ತಳೆ.

"ಉಣ್ಣೆ ಗುರುತು ಸಿಕ್ತೇನೇ? ನಮ್ಮ ಗುಂಡಮ್ಮಂದು!" ಎಂದರು ಅತ್ತೆ, ಬೀಗುತ್ತ.

ಓಹ್, ಗುಂಡಮ್ಮನದು. ನಾನು ಚಿಕ್ಕತ್ತಿಗೆಯ ಮುಖ ನೋಡಿದೆ. ಅವಳು ಆ ಬಣ್ಣವನ್ನೇ ದಿಟ್ಟಿಸುತ್ತ, ಅಷ್ಟಾದರೂ ಕಣ್ಣಿಗೆ ಬಿತ್ತಲ್ಲ ಎನ್ನುವಂತೆ ಸಣ್ಣಗೆ ನಕ್ಕಳು.

"ನಂದಲ್ಲ!" ಎಂದು ಗುಂಡಮ್ಮ ಕಾಲು ನೆಲಕ್ಕೆ ಅಪ್ಪಳಿಸಿದಳು. "ನಂದು ನನ್ನ ಗೊಂಬೆ ಹಾಕ್ಕೊಂಡಿದೆ."

ಎಲ್ಲರೂ ನಕ್ಕರು. ದೊಡ್ಡತ್ತಿಗೆಯೂ ನಗುತ್ತಲೇ ಗದರಿದಳು: "ಸುಮ್ನಿರೇ, ಬಾಯಿಬಡುಕಿ. ಟೆರೇಸಲ್ಲಿ ಕುರ್ಚಿ ಮೇಲೆ ಬಿದ್ದಿತ್ತು, ನಾನೇ ತಂದು ಚೀಲಕ್ಕೆ ಹಾಕಿದ್ದು..."

ಮಾತು ಅಲ್ಲೇ ನಿಂತಿತು. ಮಗಳ ಸ್ವೆಟರನ್ನು ಗೊಂಬೆಗೆ ತೊಡಿಸಿ ತಾನೇ ಗುಂಡಿ ಹಾಕಿಕೊಟ್ಟದ್ದು ಅವಳಿಗೆ ಆಗ ನೆನಪಾಗಿರಬೇಕು. ಚಿಕ್ಕತ್ತಿಗೆ ಮಂಚದ ಅಂಚು ಹಿಡಿದುಕೊಂಡಳು. "ಅದು ಗುಬ್ಬಿದು. ನಾನು ಇಟ್ಕೊಂಡಿದ್ದೆ" ಎಂದಳು. ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು.

ಯಾರ ಮೇಲೆ ಸಿಟ್ಟು ಮಾಡಲಿ? ಬೇರೆ ಯಾರ ಮನೆಯಲ್ಲೂ ಇಂಥದ್ದು ನಡೆಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಸತ್ತ ಮಗುವಿನದಕ್ಕೂ ಬದುಕಿದ ಮಗುವಿನದಕ್ಕೂ ಒಂದೆಳೆಯ ವ್ಯತ್ಯಾಸವಿರಲಿಲ್ಲ.

ಅತ್ತೆ "ನನ್ನ ಕೈ ಸೇದಿಹೋಗ" ಎಂದು ಹಣೆ ಚಚ್ಚಿಕೊಂಡರು. ಆಮೇಲೆ ಗಡಬಡಿಸಿ ಎದ್ದು, "ಅಳಬೇಡ ಮಗಳೇ. ಇದನ್ನ ಈಗಲೇ ಬಿಚ್ತೀನಿ. ಮೊದಲು ಹೇಗಿತ್ತೋ ಹಾಗೇ ಹೆಣೆದು ಕೊಡ್ತೀನಿ. ಅದೇ ಉಣ್ಣೆ, ಅದೇ ಅಳತೆ, ನನ್ನ ಬೆರಳಿಗೆ ನೆನಪಿದೆ" ಎಂದರು. ನನಗೂ ಹೋದ ಜೀವ ಬಂದ ಹಾಗಾಯಿತು. ಹೌದಲ್ಲ, ಉಣ್ಣೆ ಎಲ್ಲಿ ಹೋಯಿತು? ಇಲ್ಲೇ ಇದೆ.

ಚಿಕ್ಕತ್ತಿಗೆ ಕೇಳಿದ್ದು ಒಂದೇ ಮಾತು. "ಅತ್ತೆ, ಬಿಚ್ಚಿದ ಮೇಲೆ ಒಗೆದ್ರಾ?"

"ಒಗೀದೆ ಇರ್ತೀನಾ? ಹಸುಗೂಸಿಗೆ ಹಾಕೋದು. ಬಿಸಿನೀರಲ್ಲಿ, ಸೋಪು ಹಾಕಿ..."

"ನಾನು ಒಗೆದಿರಲಿಲ್ಲ" ಎಂದಳು ಚಿಕ್ಕತ್ತಿಗೆ. "ಅವಳ ವಾಸನೆ ಇತ್ತು."

ಅತ್ತೆ ಮತ್ತೆ ಕೂತರು. ನಾನು ಮಗುವಿನ ಸ್ವೆಟರಿನ ಗುಂಡಿ ಬಿಚ್ಚತೊಡಗಿದೆ; ಇನ್ನು ಒಂದು ಕ್ಷಣವೂ ಅದು ನನ್ನ ಮಗನ ಮೈಮೇಲೆ ಇರುವುದು ನನಗೆ ಬೇಡವಾಗಿತ್ತು. ಚಿಕ್ಕತ್ತಿಗೆ ಬಂದು ನನ್ನ ಕೈ ಹಿಡಿದಳು. ಬಿಚ್ಚಿದ ಗುಂಡಿಯನ್ನು ತಾನೇ ಮತ್ತೆ ಹಾಕಿದಳು.

"ತೆಗೀಬೇಡ ಕಣೇ" ಎಂದಳು. "ಮಗುಗೆ ಚಳಿ ಆಗುತ್ತೆ."