ಕೆರೆಗೆ ಚೆಲ್ಲಿದ ಎಣ್ಣೆ ನನ್ನದು

ಆ ಎಣ್ಣೆ ನನ್ನದು. ಆರು ವರ್ಷದ ಹಿಂದೆ ನಮ್ಮೂರಿನ ನಳಗಳಲ್ಲಿ ನಾರುವ ನೀರು ಬಂದದ್ದು ನನ್ನಿಂದ — ಲಾಲಸಾಬ ಕಾಕಾರಿಂದ ಅಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಬಾಯಿಂದ ಆದದ್ದು. ಅದನ್ನೂ ಹೇಳುತ್ತೇನೆ, ಹೇಳಲೆಂದೇ ಕುಳಿತಿದ್ದೇನೆ.

ನಮ್ಮದು ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕು, ಸನಮಡಿಯ ಆಚೆಗಿನ ಸಣ್ಣ ಊರು. ಇಲ್ಲಿ ಹುಟ್ಟಿದವನು ನೀರಿನ ಮೇಲೆ ಓಡುವ ಗಾಡಿಯ ಪಂದ್ಯಕ್ಕೆ ಹೋಗುತ್ತಾನೆಂದರೆ ಯಾರು ತಾನೇ ನಗುವುದಿಲ್ಲ? "ಕುಡ್ಯಾಕ ನೀರು ನಾಕು ದಿನಕ್ಕೊಮ್ಮಿ, ಈ ಬಸ್ಯಾಗ ನೀರಾಗ ಗಾಡಿ ಹೊಡ್ಯೋ ಚಟ!" ಎಂದು ಕಟ್ಟೆಯ ಮೇಲೆ ಕುಳಿತು ನಕ್ಕವರೇ ಎಲ್ಲ. ನಗಲಿ ಅಂದೆ. ಕೊಂಕಣದ ದಂಡೆಯಲ್ಲಿ ನಾಲ್ಕು ವರ್ಷ ಪ್ರವಾಸಿಗರನ್ನು ವಾಟರ್ ಸ್ಕೂಟರ್ ಮೇಲೆ ಕೂರಿಸಿ ತಿರುಗಿಸಿದವನು ನಾನು. ಅಲ್ಲಿಯ ಮಾಲೀಕ ಮೂಲೆಗೆ ತಳ್ಳಿದ್ದ ಹಳೆಯ ಯಂತ್ರವೊಂದನ್ನು ಊರಿಗೆ ತಂದು, ಡಫಳಾಪುರದ ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಿ, ರಾಷ್ಟ್ರಮಟ್ಟದ ಸ್ಪರ್ಧೆಗೆ ಹೆಸರು ಕೊಟ್ಟೆ. ನನ್ನದು ಹಟ ಅಂದರೆ ಹಟ.

ಆ ಬೇಸಿಗೆಯಲ್ಲಿ ಕಾಲುವೆಯ ನೀರು ಬಂದು ಊರ ಕೆರೆ ತುಂಬಿತ್ತು. ಕುಡಿಯುವ ನೀರು ಅದು. ಸರಪಂಚರು ಕರೆದು, ಗಾಡಿ ಕೆರೆಗೆ ಇಳಿಸಬೇಡ ಎಂದರು. ಇಳಿಸುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಸ್ಪರ್ಧೆಗೆ ಹೊರಡುವ ದಿನ, ಬೆಳಕು ಹರಿಯುವ ಹೊತ್ತಿಗೆ — ಒಂದೇ ಸಲ ಇಂಜಿನ್ ನೋಡಿಬಿಡೋಣ ಅನ್ನಿಸಿತು. ಇಳಿಜಾರು ಇದ್ದದ್ದು ಪಂಪ್ ಮನೆಯ ಹತ್ತಿರ ಮಾತ್ರ. ಊರಿಗೆ ನೀರು ಬಿಡುವ ಲಾಲಸಾಬ ಕಾಕಾ ಅಲ್ಲಿದ್ದರು. ಕರೆಂಟ್ ಇಲ್ಲದಾಗ ಓಡಿಸುವ ಡೀಸೆಲ್ ಇಂಜಿನ್ನನ್ನು ನಿಲ್ಲಿಸಿದರು, ಕೆರೆಯ ಅಂಚಿಗಿದ್ದ ಡೀಸೆಲ್ ಡ್ರಮ್ಮಿನ ನಳದ ಕಾಕ್ ತಿರುವಿ ಬಂದ್ ಮಾಡಿದರು, ಮತ್ತೊಮ್ಮೆ ತಿರುವಿ ನೋಡಿ ಮನೆಯ ಕಡೆ ನಡೆದರು. ಜಾಲಿ ಗಿಡದ ಮರೆಯಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ. ನೋಡಿದವನು ನಾನೊಬ್ಬನೇ.

ಅವರು ಅತ್ತ ಹೋದ ಮೇಲೆ ಎರಡು ಸುತ್ತು ಹೊಡೆದೆ. ಯಂತ್ರವನ್ನು ಮೇಲೆ ಎಳೆದುಕೊಳ್ಳುವಾಗ ಟ್ರೇಲರಿನ ಗಾಲಿ ತಾಗಿ ಕ್ಯಾನ್ ಉರುಳಿತು — ಆಯಿಲ್ ಬೆರೆಸಿದ ಪೆಟ್ರೋಲ್, ಮುಚ್ಚಳ ಹಾಕಿರಲಿಲ್ಲ. ಹಿಡಿಯುವಷ್ಟರಲ್ಲಿ ಎಲ್ಲ ನೀರುಪಾಲು. ಪಂಪಿನ ಪೈಪು ನೀರೆಳೆಯುವ ಜಾಗದಲ್ಲೇ ಅದು ಹರಡತೊಡಗಿತು. ಆಗಲೇ ಓಡಿಹೋಗಿ, ಕಾಕಾ, ಇವತ್ತು ನೀರು ಬಿಡಬ್ಯಾಡ್ರಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಇಷ್ಟು ದೊಡ್ಡ ಕೆರೆಗೆ ಅಷ್ಟರಿಂದ ಏನಾದೀತು ಎಂದುಕೊಂಡೆ. ಟೆಂಪೋ ಹೊರಡುವ ಹೊತ್ತೂ ಆಗಿತ್ತು.

ಮರುದಿನ ಸ್ಪರ್ಧೆ. ಸಮುದ್ರದಲ್ಲಿ ತೇಲಿಬಿಟ್ಟ ಗುರುತುಗಳನ್ನು ಸುತ್ತಬೇಕು — ಕೆಂಪಿಗೆ ಎಡಕ್ಕೆ, ಹಳದಿಗೆ ಬಲಕ್ಕೆ. ಎರಡು ಓಟ, ಎರಡರ ಅಂಕವೂ ಸೇರುತ್ತದೆ. ಮೊದಲನೆಯದರಲ್ಲಿ ಐದನೆಯವನಾದೆ. ಎರಡನೆಯದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಗೆಳೆಯ ಈರಣ್ಣನ ಫೋನ್ ಬಂತು.

"ನಿನ್ನಿಯಿಂದ ಊರೆಲ್ಲಾ ನಳದಾಗ ಎಣ್ಣಿ ಬರಾಕತ್ತೈತಿ ಮಾರಾಯಾ, ಹುಡುಗ್ರು ವಾಂತಿ ಮಾಡ್ಕೊಂಡಾವ. ಲಾಲಸಾಬ ಇದು ಡೀಸೆಲ್ ಅಲ್ಲ, ಪೆಟ್ರೋಲ್ ವಾಸನಿ ಅಂತಾನ. ನೀ ಏನರ ಕೆರಿ ಕಡೆ ಹೋಗಿದ್ದೇನು?"

ಹೋಗಿದ್ದೆ — ಅಷ್ಟು ಹೇಳಿದ್ದರೆ ಸಾಕಿತ್ತು. ನಾನಂದದ್ದು ಇದು: "ಇಲ್ಲಪಾ. ಮುದುಕಗ ವಯಸ್ಸಾತು, ಕಾಕ್ ಬಂದ್ ಮಾಡೋದು ಮರತಿರಬೇಕು."

ಈರಣ್ಣ ಅದನ್ನು ಕಟ್ಟೆಗೆ ಒಯ್ದ. ಕಟ್ಟೆಯಿಂದ ಅದು ಪಂಚಾಯತಿಗೆ ಹೋಯಿತು. ಪೆಟ್ರೋಲ್ ವಾಸನೆ ಎಂದು ಕಾಕಾ ಬಡಕೊಂಡರೆ, "ಮುದುಕಂದು ಮೂಗೂ ಹೋತು" ಎಂದು ನಕ್ಕರಂತೆ.

ನಾಚಿಕೆಯ ಮಾತು ಹೇಳಲೇ? ಎರಡನೆಯ ಓಟವನ್ನು ನಾನು ಜನ್ಮದಲ್ಲಿ ಓಡಿಸದಷ್ಟು ಚಲೋ ಓಡಿಸಿದೆ. ಎದೆಯ ಮೇಲಿನ ಭಾರ ಬೇರೊಬ್ಬರ ತಲೆಗೆ ದಾಟಿತ್ತು, ಮೈ ಹಗುರಾಗಿತ್ತು. ಒಂದು ಗುರುತೂ ತಪ್ಪಲಿಲ್ಲ. ಒಟ್ಟಿನಲ್ಲಿ ಮೂರನೆಯ ಸ್ಥಾನ, ಕೊರಳಿಗೆ ಪದಕ.

ಊರಲ್ಲಿ ಬ್ಯಾನರ್ ಕಟ್ಟಿ ಶಾಲು ಹೊದಿಸಿದರು, ನಕ್ಕವರೇ ಹೆಗಲ ಮೇಲೆ ಎತ್ತಿಕೊಂಡರು. ಕಾಕಾ ಬಂದು ನನ್ನ ಕೈ ಹಿಡಿದರು. "ಬಸೂ, ನೀ ಊರ ಹೆಸರು ತಂದಿ. ನಾ ಊರ ನೀರು ಕೆಡಿಸಿದ್ನಿ," ಅಂದರು. ನನಗೆ ಗಕ್ಕನೆ ತಿಳಿಯಿತು — ಅವರು ನಂಬಿಬಿಟ್ಟಿದ್ದರು. ಊರೆಲ್ಲ ಅಂದದ್ದನ್ನೇ ಅಂದಾಗ, ತನ್ನ ಕೈಯೇ ಮಾಡಿದ ಕೆಲಸದ ಮೇಲೆ ಮನುಷ್ಯನಿಗೆ ಎಷ್ಟು ದಿನ ನಂಬಿಕೆ ಉಳಿದೀತು? ಯಾರೂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ತಾವೇ ಪಂಪ್ ಮನೆಯ ಕೀಲಿ ಕೊಟ್ಟುಬಂದರು. ನಾನು ಶಾಲು ಹೊದ್ದು ನಿಂತೇ ಇದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಆಮೇಲೆ ಅವರು ಆಡಿನ ಹಗ್ಗ ಕಟ್ಟಿ ಮೂರು ಸಲ ಹೊರಳಿ ಬಂದು ನೋಡುವುದನ್ನು ಕಂಡೆ. ಬಾಗಿಲು ಹಾಕಿದೆನೇ ಎಂದು ಅರ್ಧ ದಾರಿಯಿಂದ ಹಿಂದಿರುಗುವುದನ್ನು ಕಂಡೆ. ಕಂಡೂ ಆರು ವರ್ಷ — ಹೌದು, ಆರು ವರ್ಷ — ಬಾಯಿ ಮುಚ್ಚಿಕೊಂಡಿದ್ದೆ. ಹೋದ ವಾರ ಅವರ ಮೊಮ್ಮಗಳು ಅಜ್ಜನ ಕೈ ಜಗ್ಗುತ್ತ, ನೀನೇ ಸಾಲಿಗೆ ಬಿಡಾಕ ಬಾ ಎಂದು ಅಳುತ್ತಿದ್ದಳು. ಕಾಕಾ ಕೈ ಬಿಡಿಸಿಕೊಂಡರು. "ಬ್ಯಾಡವ್ವ, ನಾ ಎಲ್ಲ್ಯರ ಮರತು ಬಿಟ್ಟು ಬಂದೇನು."

ಮರುದಿನ ಹೋಗಿ ಎಲ್ಲ ಹೇಳಿದೆ. ಸಿಟ್ಟಾಗುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ — "ಅಂದ್ರ, ನಾ ಬಂದ್ ಮಾಡಿದ್ನಿ?"

"ಮಾಡಿದ್ರಿ ಕಾಕಾ. ಮಾಡಿ ಮತ್ತ ತಿರುವಿ ನೋಡಿದ್ರಿ."

ಮತ್ತೆ ಅದನ್ನೇ ಕೇಳಿದರು, ಮತ್ತೆ ಹೇಳಿದೆ. ಮೂರನೆಯ ಸಲ ಕೇಳುವಾಗ ಅವರ ಕೈ ಗಾಳಿಯಲ್ಲೇ ಕಾಕ್ ತಿರುವುತ್ತಿತ್ತು. ಅವರ ಹೆಂಡತಿ ಬೀಬಿಜಾನ ಕಾಕಿ ಮಾತ್ರ ನನ್ನನ್ನು ಬಿಡಲಿಲ್ಲ. "ನಮ್ಮ ಮನ್ಯಾಗ ಬಂದು ಗುಟ್ಟಾಗಿ ಹೇಳಿದ್ರ ಏನ್ ಬಂತು? ಅವತ್ತ ನಿನ್ನ ಮಾತು ಊರಿಗೆಲ್ಲಾ ಮುಟ್ಟಿತ್ತು. ಹೇಳೂದಿದ್ರ ಊರ ಮುಂದ ಹೇಳು."

ಕಾಕಿ ಅಂದದ್ದು ಖರೆ. ಸೋಮವಾರ ಬೆಳಗ್ಗೆ ಗ್ರಾಮಸಭೆಯಿದೆ. ಇಲ್ಲಿ ಬರೆದಷ್ಟನ್ನೂ ಅಲ್ಲಿ ನಿಂತು ಓದುತ್ತೇನೆ. ಉಗುಳುವವರು ಉಗುಳಲಿ. ನೀವೂ ಬರ್ರಿ ಕಾಕಾ ಎಂದು ಕರೆದೆ. ಬರಲಾಗುವುದಿಲ್ಲವೆಂದರು. ಆ ಹೊತ್ತಿಗೆ ಮೊಮ್ಮಗಳನ್ನು ಸಾಲಿಗೆ ಬಿಡಲು ಹೋಗಬೇಕಂತೆ.