ಕಿಟಕಿ ತೆರೆಸಿದ ಮದರ್

ಯಾವ ಕೋಣೆಗೆ ಕಾಲಿಟ್ಟರೂ ಮದರ್ ಮೊದಲು ಗೋಡೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಬಿಳಿ ನಿಲುವಂಗಿಯ ತೋಳಿನಿಂದ ಹೊರಚಾಚಿದ ಒಣಕಲು ಕೈ, ಗೆಣ್ಣು ಊದಿದ ಬೆರಳುಗಳು. ಜ್ವರದ ಮಗುವಿನ ಹಣೆ ಮುಟ್ಟಿದವರಂತೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು, "ಇವತ್ತ ಆರಾಮ ಐತಿ" ಎಂದೋ, "ಇದಕ್ಕ ಥಂಡಿ ಹತ್ತೈತಿ" ಎಂದೋ ಹೇಳುತ್ತಿದ್ದರು. ಧಾರವಾಡದ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದವರು ಅವರು. ರೋಗಿಯ ಜೊತೆ ಆಡುವ ಮಾತನ್ನೇ ಗೋಡೆಯ ಜೊತೆಗೂ ಆಡುತ್ತಿದ್ದರು.

ಅವರು ಹುಟ್ಟಿದ್ದು ಗೋವೆಯಲ್ಲಿ, ಕಲಿತದ್ದೆಲ್ಲ ಪೋರ್ತುಗೀಸ್ ಮತ್ತು ಕೊಂಕಣಿ. ಆದರೆ ಕನ್ನಡ ಮಾತ್ರ ಅಚ್ಚ ಧಾರವಾಡದ್ದು. ಎಂಬತ್ತರ ದಶಕದ ಮೊದಲಲ್ಲಿ ಕಾನ್ವೆಂಟಿನ ಮೇಲಿನವರು ಅವರನ್ನು ಗೋವೆಯ ಮ್ಹಾಪಸಾದ ಹತ್ತಿರದ ಒಂದು ಊರಿಗೆ, ದಿಕ್ಕಿಲ್ಲದ ಮುದುಕಿಯರ ಮನೆಯನ್ನು ನೋಡಿಕೊಳ್ಳಲು ಕಳಿಸಿದ್ದರು. ಊರವರು ಅದನ್ನು ಆಸಿಲ್ ಎನ್ನುತ್ತಿದ್ದರು. ಪೋರ್ತುಗೀಸರ ಕಾಲದಲ್ಲಿ ಯಾವುದೋ ಜಮೀನುದಾರರು ಕಟ್ಟಿಸಿ, ವಂಶ ನಿಂತುಹೋದ ಮೇಲೆ ದಾನ ಕೊಟ್ಟ ಮನೆ. ಕೈಚಾಚಿದಷ್ಟು ದಪ್ಪದ ಕೆಂಪು ಚಿರೆಕಲ್ಲಿನ ಗೋಡೆ, ಎತ್ತರದ ಹಂಚಿನ ಮಾಡು, ಗಾಜಿನ ಬದಲು ಸಮುದ್ರದ ಚಿಪ್ಪು ಕೂಡಿಸಿದ ಕಿಟಕಿಗಳು. ಮಾಡಿನ ಕೆಳಗೆ ಸುತ್ತಲೂ ಮರದ ಜಾಲರಿಯ ಗವಾಕ್ಷಿಗಳಿದ್ದವು. ಕೆಳಗಿನಿಂದ ಬಂದ ಗಾಳಿ ಬಿಸಿಯಾಗಿ ಮೇಲೇರಿ ಅವುಗಳಿಂದ ಹೊರಗೆ ಹೋಗುತ್ತಿತ್ತು.

ನಾನು ಮ್ಹಾಪಸಾದಲ್ಲಿ ಪಂಪು, ವೈರು, ಫ್ಯಾನುಗಳ ಅಂಗಡಿ ಇಟ್ಟಿದ್ದೆ. ಅಪ್ಪ ಧಾರವಾಡದಿಂದ ಬಂದು ಶುರು ಮಾಡಿದ್ದು. ಒಂದು ಶುಕ್ರವಾರ, ಸಂತೆಯ ಗದ್ದಲದ ನಡುವೆ ಮದರ್ ಬಂದು ಬಾವಿಗೆ ಮೋಟರ್ ಬೇಕೆಂದರು. ಆಸಿಲ್‌ನಂಥ ದೊಡ್ಡ ಮನೆ ಎಂದು ನಾನು ದೊಡ್ಡದನ್ನೇ ತೆಗೆದು ಮುಂದಿಟ್ಟೆ.

"ಅಂಗಡಿಯವ್ರ, ಇಷ್ಟ ದೊಡ್ಡದು ಬ್ಯಾಡ. ನಮ್ಮ ಬಾವಿಯೊಳಗ ನೀರು ಹಗೂರ ಬರತಾವ. ಅದು ಎಷ್ಟು ಕೊಡತೈತೋ ಅಷ್ಟ ಜಗ್ಗೂ ಮೋಟರ್ ಕೊಡ್ರಿ."

ಗೋವೆಯ ಸನ್ಯಾಸಿನಿಯ ಬಾಯಲ್ಲಿ ನಮ್ಮೂರಿನ ಕನ್ನಡ ಕೇಳಿ ನಾನು ಕೆಲಸದ ಆಳನ್ನು ಕಳಿಸುವ ಬದಲು ನಾನೇ ಹೋದೆ. ಹೋದವನು ಆ ಮನೆಯ ಮನುಷ್ಯನೇ ಆಗಿಬಿಟ್ಟೆ. ಮಾಡಿನಲ್ಲಿ ಇಲಿ ಕಡಿದ ಹಳೇ ವೈರುಗಳನ್ನು ತೆಗೆದು ಪೈಪಿನೊಳಗೆ ಹೊಸದು ಎಳೆದೆ. ಅಡುಗೆಮನೆಯ ಹೊಗೆಗೆ ಒಂದು ದಾರಿ ಮಾಡಿದೆ. ಪ್ರತಿಯೊಂದಕ್ಕೂ ಮದರ್ ಹತ್ತಿರ ನಿಂತು, ಇದು ಯಾಕೆ, ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ನನಗೆ ಕೆಲವೊಮ್ಮೆ ಬೇಸರವಾಗುತ್ತಿತ್ತು. "ಮಿಷನ್ ಕೂಡಸೂ ಮೊದಲ ಈ ಮನಿ ತಾನಾಗೇ ಏನ್ ಮಾಡತೈತಿ ನೋಡ್ರಿ. ಅದು ಮಾಡೂ ಕೆಲಸಾನ ಕರೇಂಟಿನ ಕಡಿಂದ ಯಾಕ ಮಾಡಸಬೇಕು?" ಎನ್ನುತ್ತಿದ್ದರು. ಮಧ್ಯಾಹ್ನ ದಕ್ಷಿಣದ ಕಿಟಕಿ ಮುಚ್ಚಿ ಉತ್ತರದ್ದು ತೆರೆಯುವುದು, ಸಂಜೆ ಎಲ್ಲವನ್ನೂ ತೆರೆಯುವುದು, ಹೀಗೆ ಅಲ್ಲಿನ ಕೆಲಸದ ಹುಡುಗಿಯರಿಗೆ ಪಾಠ ಹೇಳಿಕೊಟ್ಟಿದ್ದರು. ದೊಡ್ಡ ಕೋಣೆಯಲ್ಲಿ ಸಾಲಾಗಿ ಮಲಗಿದ್ದ ಮುದುಕಿಯರಲ್ಲಿ ಯಾರಿಗೆ ಗಾಳಿ ಬೇಕು, ಯಾರಿಗೆ ಬೇಡ ಎಂಬುದು ಮದರ್ ಅವರಿಗೆ ಬಾಯಿಪಾಠವಾಗಿತ್ತು.

ಅಂಥವರು ಏಸಿಗೆ ಹೇಗೆ ಒಪ್ಪಿದರು ಎಂಬುದು ನನಗೆ ಬಹಳ ವರ್ಷ ಅರ್ಥವಾಗಿರಲಿಲ್ಲ.

ಅದೇ ಊರಿನ ಒಬ್ಬರು ಕುವೇತಿನಲ್ಲಿ ದೊಡ್ಡ ಕೆಲಸದಲ್ಲಿದ್ದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ತಾಯಿಯನ್ನು ಆಸಿಲ್‌ಗೆ ಸೇರಿಸಿದ್ದರು. ಒಂದು ಬೇಸಿಗೆಯಲ್ಲಿ ಆ ತಾಯಿ ತೀರಿಕೊಂಡರು. ಮಗ ಬರುವಷ್ಟರಲ್ಲಿ ಮಣ್ಣಾಗಿತ್ತು. ಮುದುಕಿ ಸೆಕೆಗೆ ಉಸಿರು ಕಟ್ಟಿ ಒದ್ದಾಡಿ ಸತ್ತಳು ಎಂದು ಊರಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದರು. ಅವರು ದೊಡ್ಡ ಕೋಣೆಯಲ್ಲಿ, ತಾಯಿ ಮಲಗಿದ್ದ ಮಂಚದ ಹತ್ತಿರ ನಿಂತು ಅತ್ತಾಗ ನಾನು ಅಲ್ಲೇ ಫ್ಯಾನು ಬಿಚ್ಚುತ್ತಿದ್ದೆ.

"ಇನ್ನು ಯಾರ ಮಾಯ್ ಕೂಡ ಇಲ್ಲಿ ಹಾಗೆ ಸಾಯಬಾರದು" ಎಂದರು ಕೊಂಕಣಿಯಲ್ಲಿ. "ಕೋಣೆ ಪೂರ್ತಿ ಏಸಿ ಮಾಡಿಸಿಕೊಡುತ್ತೇನೆ. ನೀವು ಬೇಡ ಎನ್ನಬಾರದು."

ಮದರ್ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ತಲೆ ತಗ್ಗಿಸಿ, "ದೇವರು ಒಳ್ಳೆಯದು ಮಾಡಲಿ" ಎಂದಷ್ಟೇ ಹೇಳಿದರು.

ಪಣಜಿಯಿಂದ ಎಂಜಿನಿಯರ್ ಬಂದರು. ಅಷ್ಟು ಎತ್ತರದ ಮಾಡನ್ನು ತಣ್ಣಗೆ ಮಾಡಲು ಆಗುವುದಿಲ್ಲವೆಂದು ಕೆಳಗೊಂದು ಪ್ಲೈವುಡ್ ಛಾವಣಿ ಹೊಡೆಸಿದರು. ಗವಾಕ್ಷಿಗಳು ಅದರ ಹಿಂದೆ ಮರೆಯಾದವು. ಚಿಪ್ಪಿನ ಕಿಟಕಿಗಳಿಗೆ ಒಳಗಿನಿಂದ ಗಾಜು ಕೂಡಿಸಿ ಭದ್ರ ಮಾಡಿದರು. ಉದುರುತ್ತಿದ್ದ ಸುಣ್ಣದ ಗಾರೆ ಕೆರೆದು, ಸಿಮೆಂಟು ಬಳಿದು ಮೇಲೆ ಎಣ್ಣೆಬಣ್ಣ ಹಚ್ಚಿಸಿದರು. ಬಾಗಿಲ ಮೇಲೆ ಆ ತಾಯಿಯ ಹೆಸರಿನ ಹಲಗೆ ಬಂತು. ಮೊದಲ ದಿನ ಮುದುಕಿಯರು ಕಂಬಳಿ ಹೊದ್ದು ಕೂತು ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದು ನೆನಪಿದೆ.

ಆ ಊರಿನ ಕರೆಂಟು ಅಷ್ಟು ಭಾರ ಹೊರುವಂಥದ್ದಾಗಿರಲಿಲ್ಲ. ಏಸಿ ಹಾಕಿದರೆ ಸುತ್ತಲಿನ ಮನೆಗಳ ದೀಪ ಕೆಂಪಗಾಗುತ್ತಿತ್ತು. ಕರೆಂಟು ಹೋದರೆ, ಗಾಳಿಗೆ ದಾರಿಯೇ ಇಲ್ಲದ ಆ ಕೋಣೆ ಬೇಗನೆ ಬೇಯತೊಡಗುತ್ತಿತ್ತು. ಮಳೆಗಾಲ ಬಂದಾಗ ಇನ್ನೊಂದು ಕಷ್ಟ ಶುರುವಾಯಿತು. ಚಿರೆಕಲ್ಲು ಕುಡಿದ ನೀರು ಸಿಮೆಂಟಿನಿಂದಾಗಿ ಹೊರಗೆ ಬರಲಾರದೆ ಬಣ್ಣದ ಕೆಳಗೆ ಬೊಬ್ಬೆ ಎಬ್ಬಿಸಿತು. ಮೂಲೆಗಳಲ್ಲಿ ಕರಿ ಬೂಷ್ಟು ಹಬ್ಬಿತು. ಹಾಸಿಗೆ, ಬಟ್ಟೆ, ಕೂದಲು ಎಲ್ಲಕ್ಕೂ ಒಂದೇ ಮುಗ್ಗಲು ವಾಸನೆ.

ಆಗ ಅಲ್ಲಿ ಸಾವರ್ಡೆಯ ಕಡೆಯಿಂದ ಬಂದ ಒಬ್ಬ ಅಜ್ಜಿ ಇದ್ದರು. ಗದಗಿನ ಕಡೆಯವರು, ಗಂಡನ ಜೊತೆ ಅದಿರಿನ ಗಣಿಗೆ ದುಡಿಯಲು ಬಂದು, ಗಂಡನನ್ನೂ ಮಗನನ್ನೂ ಕಳೆದುಕೊಂಡವರು. ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಎದೆಯಲ್ಲಿ ಕಫ, ಉಸಿರಾಟದ ತೊಂದರೆ. ಮಳೆ ಜಡಿ ಹಿಡಿದ ಒಂದು ವಾರದಲ್ಲಿ ಅವರು ತೀರಿಕೊಂಡರು.

ಮಣ್ಣಾದ ಮರುದಿನ ನಾನು ಸ್ಟೆಬಿಲೈಜರ್ ನೋಡಲು ಹೋದಾಗ ಮದರ್ ಆ ಅಜ್ಜಿಯ ಖಾಲಿ ಮಂಚದ ಮೇಲೆ ಕೂತಿದ್ದರು.

"ಅಂಗಡಿಯವ್ರ, ಇದನ್ನೆಲ್ಲಾ ತಗೀಬೇಕು."

"ಯಾವುದ್ರಿ ಮದರ್?"

"ಮ್ಯಾಲಿನ ಹಲಗಿ, ಗಾಜು, ಗ್ವಾಡಿ ಸಿಮೆಂಟು. ಎಲ್ಲಾ."

"ಗಣಿ ಧೂಳಿನಿಂದ ಎದಿ ಹಾಳಾಗಿತ್ತು ಅಂತ ಡಾಕ್ಟ್ರು ಹೇಳಿದ್ರಲ್ಲರಿ?"

"ಹೇಳಿದ್ರು. ಖರೇನೂ ಇರಬಹುದು. ನಾನೂ ನರ್ಸ್ ಇದ್ದಾಕಿ, ನನಗೂ ಗೊತ್ತಾಗೂದಿಲ್ಲ." ಅವರು ಮಂಚದ ಪಕ್ಕದ ಗೋಡೆ ಮುಟ್ಟಿದರು. "ಆದ್ರ ಆಕಿ ನನಗ, ಅವ್ವಾ ಕಿಡಕಿ ತಗೀ, ಅಂದ್ಲು. ಈ ಮನಿಯೊಳಗ ಆಕಿ ಮಾತು ತಿಳಿಯೂದು ನನಗೊಬ್ಬಾಕಿಗೆ. ನಾ ಏನಂದೆ ಗೊತ್ತೈತೇನ್ರಿ? ತಂಪು ಹೊರಗ ಹೋಗತೈತಿ, ಬ್ಯಾಡ, ಅಂದೆ."

ನಾನು ಸ್ಟೆಬಿಲೈಜರಿನ ಪ್ಲಗ್ಗು ಕಿತ್ತಿಟ್ಟೆ. ಮದರ್ ಮತ್ತೆ ಆ ಮಾತೆತ್ತಲಿಲ್ಲ.

ಮಳೆ ನಿಂತ ಮೇಲೆ ಕೆಲಸ ಶುರುವಾಯಿತು. ಮಡಗಾಂವ್‌ನಲ್ಲಿದ್ದ ವಿಜಯಪುರದ ಒಬ್ಬ ಮಿಸ್ತ್ರಿಯನ್ನು ಕರೆತಂದೆ. ಸುಣ್ಣ ಕೊಳೆಹಾಕಿ ಗಾರೆ ಅರೆಯುವ ಕೆಲಸ ಅವರ ಮನೆತನದ್ದು. ಪ್ಲೈವುಡ್ ಇಳಿಸಿದಾಗ ಒಳಗಿನ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಮದರ್ ಮುದುಕಿಯರನ್ನು ಜಗಲಿಗೆ ಸಾಗಿಸಿ, ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಾವೂ ಗೋಡೆ ಕೆರೆಯಲು ನಿಂತರು. "ಮದರ್, ನೀವ್ ಕುಂದರ್ರಿ, ನಾ ಮಾಡ್ತೇನಿ" ಎಂದು ಮಿಸ್ತ್ರಿ ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಬೆತ್ತಲಾದ ಕಲ್ಲನ್ನು ಹಾಗೇ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಬಳಿದರು. ಕೆಡವುತ್ತಿದ್ದ ಒಂದು ಹಳೇ ಮನೆಯಿಂದ ಚಿಪ್ಪು ತಂದು ಕಿಟಕಿಗಳನ್ನು ತುಂಬಿಸಿದರು. ನಾನು ಎತ್ತರದ ಮಾಡಿನಿಂದ ಉದ್ದ ಕೊಳವೆಯಲ್ಲಿ ನಿಧಾನ ತಿರುಗುವ ಫ್ಯಾನು ಇಳಿಬಿಟ್ಟೆ. ಸ್ನಾನದ ನೀರಿಗೆ ದಿನವಿಡೀ ಸೌದೆ ಉರಿಯುತ್ತಿತ್ತು. ಅದರ ಬದಲು, ಆಗಷ್ಟೇ ಬರುತ್ತಿದ್ದ ಸೋಲಾರ್ ಹೀಟರನ್ನು ಹಂಚಿನ ಮೇಲೆ ಭಾರ ಬೀಳದ ಹಾಗೆ ಅಂಗಳದಲ್ಲಿ ಕಟ್ಟೆ ಕಟ್ಟಿ ಕೂಡಿಸಿದೆವು. ಒಂದು ಏಸಿಯನ್ನು ಮಾತ್ರ ಮದರ್ ಉಳಿಸಿಕೊಂಡರು. ಔಷಧ ಇಡುವ ಸಣ್ಣ ಕೋಣೆಗೆ ಅದು ಬೇಕಿತ್ತು. "ಮಿಷನ್ ಮ್ಯಾಲ ನನಗೇನ್ ಸಿಟ್ಟಿಲ್ಲ" ಎಂದರು.

ಕ್ರಿಸ್‌ಮಸ್ಸಿಗೆ ಕುವೇತಿನಿಂದ ಊರಿಗೆ ಬಂದ ದಾನಿಗಳು ನೇರ ಆಸಿಲ್‌ಗೆ ಬಂದರು. ಅರ್ಧ ಗಾರೆ ಬಳಿದ ಗೋಡೆ, ಮೂಲೆಯಲ್ಲಿ ಗೋಣಿ ಮುಚ್ಚಿಟ್ಟ ಏಸಿಗಳು. ಅವರ ಮುಖ ಬಿಳುಪೇರಿತು.

"ನಾನು ಕೊಟ್ಟಿದ್ದನ್ನು ನನ್ನನ್ನು ಕೇಳದೆ ಕಿತ್ತುಹಾಕಿದಿರಿ."

"ಹೌದು. ನಿಮಗೆ ಮೊದಲೇ ತಿಳಿಸಬೇಕಾಗಿತ್ತು. ಯಂತ್ರಗಳು ಜೋಪಾನವಾಗಿವೆ. ಯಾವುದಾದರೂ ಆಸ್ಪತ್ರೆಗೆ ಕೊಡೋಣ. ಹಲಗೆಯ ಮೇಲೆ ನಿಮ್ಮ ತಾಯಿಯ ಹೆಸರು ಹಾಗೇ ಇರುತ್ತದೆ."

"ಹೆಸರು ಯಾರಿಗೆ ಬೇಕು? ನನ್ನ ಮಾಯ್ ಈ ಕೋಣೆಯಲ್ಲಿ ಬೆಂದು ಸತ್ತಳು. ಅದನ್ನೇ ಮತ್ತೆ ಹಾಗೆಯೇ ಮಾಡಿಟ್ಟಿದ್ದೀರಿ."

ಮದರ್ ಮುಖದ ಬಣ್ಣ ಬದಲಾಯಿತು. ಅವರು ಎರಡು ಹೆಜ್ಜೆ ಮುಂದೆ ಬಂದರು. ಆದರೆ ಅಷ್ಟರಲ್ಲಿ ಆ ಮನುಷ್ಯ ಹಲಗೆಯನ್ನು ತಾವೇ ಬಿಚ್ಚಿಕೊಂಡು, ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋಗಿದ್ದರು.

ದೂರು ಮೇಲಿನವರಿಗೆ ಹೋಯಿತು. ದಾನಿಯ ಮನಸ್ಸು ನೋಯಿಸಿದ್ದು ತಪ್ಪೆಂದು ಅವರಿಗೆ ಅನಿಸಿರಬೇಕು. ಬೇಸಿಗೆ ಮುಗಿಯುವ ಮೊದಲೇ ಮದರ್‌ಗೆ ಬೆಳಗಾವಿಯ ಕಡೆ ವರ್ಗವಾಯಿತು. ಒಂದು ತಗಡಿನ ಟ್ರಂಕು ಹಿಡಿದು ಮ್ಹಾಪಸಾ ಬಸ್‌ಸ್ಟ್ಯಾಂಡಿಗೆ ಬಂದ ಅವರನ್ನು ನಾನೂ ಮಿಸ್ತ್ರಿಯೂ ಬಸ್ಸು ಹತ್ತಿಸಿದೆವು. ಮಿಸ್ತ್ರಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮದರ್ ಮಾತ್ರ ಕಿಟಕಿಯಿಂದ ಬಾಗಿ, "ಪಶ್ಚಿಮ ಗ್ವಾಡಿದು ಇನ್ನೊಂದ ಕೈ ಗಾರಿ ಉಳದೈತಿ. ಮಳಿ ಬರೂದ್ರೊಳಗ ಮುಗಸ್ರಿ" ಎಂದರು. ಮುಗಿಸಿದೆವು. ಆ ಮಳೆಗಾಲ ಬೂಷ್ಟು ಹಿಡಿಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕರೆಂಟು ಹೋದ ಮಧ್ಯಾಹ್ನಗಳಲ್ಲಿಯೂ ಮುದುಕಿಯರು ಆ ಕೋಣೆಯಲ್ಲೇ ನಿದ್ದೆ ಮಾಡಿದರು. ಮದರ್ ಜಾಗಕ್ಕೆ ಬಂದ ಸಿಸ್ಟರ್ ಮೊದಮೊದಲು ನಮ್ಮನ್ನು ಅನುಮಾನದಿಂದ ನೋಡುತ್ತಿದ್ದರು. ಆಮೇಲೆ ಉಳಿದ ಕೋಣೆಗಳನ್ನೂ ಹಾಗೆಯೇ ಮಾಡಿಕೊಡಿ ಎಂದರು.

ಆಮೇಲೆ ನನ್ನ ವ್ಯಾಪಾರದ ರೀತಿಯೇ ಬದಲಾಯಿತು. ಹಳೇ ಮನೆ, ಶಾಲೆ, ಚರ್ಚುಗಳವರು ಬಂದು ಕೇಳಿದರೆ, ಮೊದಲು ಹೋಗಿ ಒಳಗೆ ಇರುವವರ ಹತ್ತಿರ ಕೂತು ಮಾತಾಡಿ, ಆಮೇಲೆ ಏನು ಬೇಕೆಂದು ಹೇಳುತ್ತಿದ್ದೆ. ಕೆಲವರು ಬೇಸತ್ತು ಬೇರೆ ಅಂಗಡಿಗೆ ಹೋದರು.

ತೊಂಬತ್ತರ ದಶಕದ ನಡುವಿನಲ್ಲಿ ಮದರ್‌ಗೆ ಕಾಯಿಲೆ ಎಂದು ತಿಳಿದು ಬೆಳಗಾವಿಗೆ ಹೋದೆ. ಹಾಸಿಗೆ ಹಿಡಿದಿದ್ದರು. ಹೊಟ್ಟೆಯಲ್ಲಿ ಗಡ್ಡೆ. ದನಿ ಸಣ್ಣಗಾಗಿತ್ತು. ಆಸಿಲ್‌ನ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದರು. ಅರ್ಧಕ್ಕರ್ಧ ಮಂದಿ ಹೋಗಿಬಿಟ್ಟಿದ್ದರು. ಕೊನೆಗೆ, "ಆ ಕುವೇತ್‌ನವ್ರು?" ಎಂದರು.

"ಯುದ್ಧ ಆದ ಮ್ಯಾಲ ಎಲ್ಲಾ ಬಿಟ್ಟು ಊರಿಗೇ ಬಂದಾರ್ರಿ. ಆಸಿಲ್ ಕಡೆ ಹಾಯೂದಿಲ್ಲ."

"ಅವರಿಗೆ ನಾ ಒಂದ್ ಮಾತು ಹೇಳೂದು ಉಳದೈತಿ. ನೀವ್ ಹೇಳ್ತೀರೇನು?"

ಆಮೇಲೆ ತಡೆತಡೆದು ಹೇಳಿದರು. ಆ ತಾಯಿ ಸತ್ತದ್ದು ಸೆಕೆಗೆ ಅಲ್ಲ. ಹಿಂದಿನ ರಾತ್ರಿ ಗುಡುಗು ಬಂದು ಮಳೆಯಾಗಿತ್ತು. ಬೆಳಗ್ಗೆ ತಂಪಾಗಿತ್ತು. ಪೇಜ್, ಅಂದರೆ ಗಂಜಿ, ಕೇಳಿ ಉಂಡು, ಮಲಗಿ, ಹಾಗೇ ನಿದ್ದೆಯಲ್ಲೇ ಹೋದರು. ಪಕ್ಕದಲ್ಲಿ ಮದರ್ ಇದ್ದರು.

"ಅವ ಬಂದ್ ಅಳಾಕತ್ತಾಗ ಹೇಳಬೇಕಂದೆ. ಹೇಳಿದ್ರ ಇಷ್ಟು ಕೊಡ್ತಾನೋ ಇಲ್ಲೋ ಅನ್ನೂ ಆಸೆ ನಡಕ ಬಂತು. ಆ ಮನಿಗೆ ಏನೂ ಇರಲಿಲ್ಲರಿ ಆಗ. ಸುಮ್ಮನಾದೆ. ಏಸಿ ಬ್ಯಾಡ ಅನ್ನಾಕ ಆಮ್ಯಾಲ ನನಗ ಬಾಯಿ ಎಲ್ಲಿತ್ತು? ಎರಡನೇ ಸಲ ಹೇಳಬೇಕಂತ ಮುಂದ ಬಂದೆ, ಅವ ಹೋಗೇಬಿಟ್ಟ. ನನ್ನ ಕಡಿಂದ ಆತ ಇಷ್ಟು ವರ್ಷ ಸುಳ್ಳು ದುಃಖ ಹೊತ್ತಾನ."

"ಕಾಗದಾ ಬರೀಬಹುದಿತ್ತಲ್ಲರಿ ಮದರ್?"

"ಅಂಜಿಕಿ" ಎಂದರು.

ನಾನು ಮ್ಹಾಪಸಾ ಮುಟ್ಟಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಆ ಸಂಜೆಯೇ ದಾನಿಗಳ ಮನೆಗೆ ಹೋದೆ. ಅವರು ಜಗಲಿಯ ಕಲ್ಲುಬೆಂಚಿನ ಮೇಲೆ ಕೂತಿದ್ದರು. ತಲೆ ಪೂರ್ತಿ ನರೆತಿತ್ತು. ಮದರ್ ಸುದ್ದಿ ಹೇಳಿದಾಗ ಶಿಲುಬೆಯ ಗುರುತು ಮಾಡಿಕೊಂಡರು, ಅಷ್ಟೇ. ಆಮೇಲೆ ನಾನು ಮಿಕ್ಕದ್ದನ್ನು ಹೇಳಿದೆ. ಆಸೆಯ ಮಾತನ್ನೂ ಮುಚ್ಚಿಡಲಿಲ್ಲ. ಮದರ್ ಅದನ್ನು ಹೇಳಲೇಬೇಕೆಂದಿದ್ದರು.

ಅವರಿಗೆ ಸಿಟ್ಟು ಬರುತ್ತದೆಂದು ನಾನು ಎದ್ದು ನಿಂತಿದ್ದೆ. ಅವರು ಕೂತಲ್ಲೇ ರಸ್ತೆಯ ಕಡೆ ತಿರುಗಿದರು.

"ಪೇಜ್ ಉಂಡಿದ್ದಳೇ?" ಎಂದರು.

"ಉಂಡಿದ್ದರಂತೆ. ಮಾವಿನಮಿಡಿ ಬೇಕೆಂದು ಕೇಳಿ ಹಾಕಿಸಿಕೊಂಡರಂತೆ."

ಅವರು ಎದ್ದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಒಳಗೆ ದೀಪ ಹಚ್ಚುತ್ತಿದ್ದ ಹೆಂಡತಿಯನ್ನು ಕರೆದರು. ಆಕೆ ಕೈ ಒರೆಸಿಕೊಳ್ಳುತ್ತ ಬಂದ ಮೇಲೆ, ಮೆಲ್ಲಗೆ ಹೇಳಿದರು: "ಕೇಳಿದೆಯಾ, ಮಾಯ್ ಆ ದಿನ ಊಟ ಮಾಡಿದ್ದಳಂತೆ."