ಹಾರದ ಏಳು ವಿಮಾನಗಳು

ಬೆಳಗಿನ ಆರು ಗಂಟೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಮೂಲೆಯಲ್ಲಿ ಕೂತಿದ್ದೇನೆ. ಹಲ್ಲಕ್ಕ ಉಸಿರು ಬಿಗಿಹಿಡಿದು, ಚಿಮಟದ ತುದಿಯಲ್ಲಿ ಒಂದು ಮರಳುಚೀಲ ಎತ್ತುತ್ತಾರೆ. ಚೀಲವೆಂದರೆ ಅರ್ಧ ಅಕ್ಕಿಕಾಳಿನಷ್ಟು. ಅದಕ್ಕೆ ಅಂಟು ತಾಗಿಸಿ, ಮೇಜಿನ ಮೇಲಿನ ಪುಟ್ಟ ಮಾದರಿ ಬಂಕರಿನ ಗೋಡೆಯ ಮೇಲೆ ಕೂರಿಸಿ, ಆಮೇಲೆ ಉಸಿರು ಬಿಡುತ್ತಾರೆ. "ಒಂದು ಸೀನು ಬಂದ್ರೆ ವಾರದ ಕೆಲಸ ಗೋವಿಂದ," ಎಂದು ನಗುತ್ತಾರೆ. ಒಂಬತ್ತಕ್ಕೆ ಕೆಲಸಕ್ಕೆ ಹೊರಡುವಷ್ಟರಲ್ಲಿ ಇಂಥ ನಲವತ್ತು ಚೀಲ ಕೂರಬೇಕು.

ಐವತ್ತೆರಡರ ಈಕೆ ಇಪ್ಪತ್ತೆಂಟು ವರ್ಷಗಳಿಂದ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿದ್ದಾರೆ. ಬೀದಿಯವರಿಗೆಲ್ಲ ಹಲ್ಲಕ್ಕ. ಊರಿನ ಅರ್ಧ ನಗು ಈಕೆಯ ಕೈಯಿಂದ ಬಂದದ್ದು, ಹೊಗಳಿಕೆ ಮಾತ್ರ ಡಾಕ್ಟರಿಗೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರಾದ ಕೈ ಒಬ್ಬರದು, ಬಾಯಿ ಇನ್ನೊಬ್ಬರದು! ಹೀಗೆ ಹಲ್ಲಿನ ಸೆಟ್ ಸಡಿಲವಾಗಿದೆಯೆಂದು ಲ್ಯಾಬಿಗೆ ಬಂದ ಮುದುಕರೊಬ್ಬರು ಕಾಯುತ್ತಾ ಕೂತಾಗ ಹೇಳಿದ ಕಥೆಯೇ ಬೆಳಗಿನ ಈ ಮಾದರಿ ಕೆಲಸಕ್ಕೆ ಬೀಜ. ಯುದ್ಧಕಾಲದಲ್ಲಿ ಊರಾಚೆ ವಿಮಾನ ನಿಲ್ದಾಣವಿತ್ತು, ಅವರು ಅಲ್ಲಿ ಬಡಗಿಯಾಗಿದ್ದರು. ಈಗ ಆ ಜಾಗದಲ್ಲಿ ಗೋದಾಮುಗಳಿವೆ. ಅಲ್ಲಿ ದುಡಿದವರಲ್ಲಿ ಬದುಕಿರುವುದು ಈ ತಾತ ಒಬ್ಬರೇ. ವಯಸ್ಸು ತೊಂಬತ್ತೆಂಟು.

ಇನ್ನೂರು ಅಡಿಗೆ ಒಂದು ಅಡಿಯಂತೆ ನಿಲ್ದಾಣದ ಒಂದು ತುದಿ ಮೇಜಿನ ಮೇಲೆ ಎದ್ದಿದೆ. ಎರಡು ಇಂಚಿನ ವಿಮಾನ, ಬೆಂಕಿಪೊಟ್ಟಣದಷ್ಟು ಕಾವಲುಮನೆ, ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರಿನ ರನ್‌ವೇ. ರನ್‌ವೇ ಎರಡು ಸಲ ಬಿರುಕುಬಿಟ್ಟು, ಮೂರನೆಯ ಸಲ ನಿಂತಿತು. ಎರಡು ವರ್ಷದಿಂದ ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದಾರೆ. "ನಮ್ಮ ಊಟದ ಮೇಜು ಯುದ್ಧಕ್ಕೆ ಹೋಗಿದೆ, ಯಾವಾಗ ವಾಪಸ್ ಬರುತ್ತೋ ಗೊತ್ತಿಲ್ಲ," ಎನ್ನುತ್ತಾರೆ ಲಾರಿ ಓಡಿಸುವ ಗಂಡ. ಬೇಲಿಯ ತಂತಿ ಹುಡುಕಿ ತಂದವರೂ ಅವರೇ.

ಮೂರು ತಿಂಗಳ ಹಿಂದೆ ಒಂದು ಎಡವಟ್ಟಾಯಿತು. ಆಕಾಶದಿಂದ ಶತ್ರುಗಳು ತೆಗೆದ ಹಳೆಯ ಫೋಟೊ ಒಂದನ್ನು ಮುಂದಿಟ್ಟುಕೊಂಡು ಹಲ್ಲಕ್ಕ ಹನ್ನೊಂದು ವಿಮಾನ ಮಾಡಿ ನಿಲ್ಲಿಸಿದ್ದರು. ಒಂದೊಂದಕ್ಕೂ ಚಕ್ರ, ಫ್ಯಾನು, ಚುಕ್ಕೆಯಷ್ಟು ಮೊಳೆ. ನೋಡಲು ಬಂದ ತಾತ ಎಣಿಸಿದರು, ಇನ್ನೊಮ್ಮೆ ಎಣಿಸಿದರು, ಆಮೇಲೆ ಹಲ್ಲಿನ ಸೆಟ್ ಜಾರುವಷ್ಟು ನಕ್ಕರು.

"ಅಲ್ಲಮ್ಮಾ, ನಮ್ಮ ಹತ್ರ ಇದ್ದಿದ್ದೇ ನಾಲ್ಕು! ಮಿಕ್ಕ ಏಳು ನಾವು ಬಡಗಿಗಳು ಬಿದಿರಿನ ಪಟ್ಟಿ ಹೊಡೆದು, ಬಟ್ಟೆ ಸುತ್ತಿ, ಬಣ್ಣ ಬಳಿದಿದ್ದು. ಮೇಲಿಂದ ನೋಡಿದೋರು ಅದರ ಮೇಲೆ ಬಾಂಬ್ ಹಾಕ್ಲಿ, ನಿಜವಾದ್ದು ಉಳೀಲಿ ಅಂತ. ಅವತ್ತು ಅವರು ಮೋಸ ಹೋದ್ರು, ಇವತ್ತು ನೀನು!"

ಹಲ್ಲಕ್ಕ ನಗಲಿಲ್ಲ. ಏಳನ್ನೂ ಕಿತ್ತುಹಾಕಿದರು. "ಜೀವನವಿಡೀ ನಕಲಿ ಹಲ್ಲು ಮಾಡಿದೋಳು ನಾನು. ನನಗೇ ಗೊತ್ತಾಗ್ಲಿಲ್ವಲ್ಲ ಅಂತ ನಾಚಿಕೆ ಆಯ್ತು," ಎನ್ನುತ್ತಾರೆ. ಬಡಗಿಗಳು ಮಾಡಿದ ಹಾಗೆಯೇ, ಬಿದಿರಿನ ಸೀಳು, ಹಳೆಯ ಕರ್ಚೀಫಿನ ನೂಲು ಹಿಡಿದು ಆ ಏಳನ್ನು ಮತ್ತೆ ಮೊದಲಿಂದ ಶುರು. ಅವಸರಕ್ಕೆ ಕಾರಣವಿತ್ತು. ತಾತನ ಕಣ್ಣು ಮಂಜಾಗುತ್ತಿದೆ, ದೃಷ್ಟಿ ಇನ್ನು ಮೂರು ತಿಂಗಳು ಉಳಿದರೆ ಹೆಚ್ಚು ಎಂದು ಆಗಲೇ ಹೇಳಿದ್ದರು ವೈದ್ಯರು. ನಿಲ್ದಾಣದ ಬಗ್ಗೆ ಊರಿನ ಮ್ಯೂಸಿಯಂ ತಂದ ಪುಸ್ತಕದಲ್ಲಿ ಪೈಲಟ್‌ಗಳಿದ್ದಾರೆ, ಅಡುಗೆಯವರಿದ್ದಾರೆ, ಬಡಗಿಗಳಿಲ್ಲ. ಮಾದರಿ ಮ್ಯೂಸಿಯಮ್ಮಿಗೆ ಹೋಗುವ ಮೊದಲು ಆ ಕಣ್ಣು ಅದನ್ನು ನೋಡಬೇಕೆಂಬುದು ಹಲ್ಲಕ್ಕನ ಹಟ. ಈ ಹಟ ನನಗೆ ಬಹಳ ಇಷ್ಟವಾಯಿತು.

ನಾನಿರುವಾಗಲೇ, ಎಂಟು ಗಂಟೆಗೆ, ಮೊಮ್ಮಗಳ ತೋಳು ಹಿಡಿದು ತಾತ ಬರುತ್ತಾರೆ. ಕಿಟಕಿಯ ಬಿಸಿಲು ನೇರ ಮೇಜಿನ ಮೇಲಿದೆ. ಭೂತಗನ್ನಡಿ ಹಿಡಿದು ಬಾಗಿ, ಒಂದೊಂದೇ ಅಂಗುಲ ನೋಡುತ್ತಾ ಹೋಗುತ್ತಾರೆ. ಕಾವಲುಮನೆಯ ಬಾಗಿಲು ಎಡಕ್ಕಿರಬೇಕಿತ್ತಂತೆ. ಹಲ್ಲಕ್ಕ ಬರೆದುಕೊಳ್ಳುತ್ತಾರೆ. ವಿಮಾನಗಳ ಸಾಲಿನ ಮುಂದೆ ತಾತ ತುಂಬಾ ಹೊತ್ತು ನಿಲ್ಲುತ್ತಾರೆ. ಆಮೇಲೆ ತಲೆಯೆತ್ತುತ್ತಾರೆ, ಮುಖ ಸಪ್ಪಗಾಗಿದೆ.

"ವಿಮಾನಗಳೇನೋ ಚೆನ್ನಾಗಿವೆ. ನಾವು ಬಡಗಿಗಳು ಮಾಡಿದ್ದನ್ನ ಇನ್ನೂ ಇಟ್ಟಿಲ್ವೇನಮ್ಮಾ?"

ಹಲ್ಲಕ್ಕ ಸಾಲಿನತ್ತ ಬೆರಳು ತೋರಿಸಿ ಹೇಳುತ್ತಾರೆ: "ಇಟ್ಟಿದ್ದೀನಿ ತಾತ. ನೀವು ಈಗ ನೋಡಿದ್ರಲ್ಲ, ಅದರಲ್ಲಿ ಏಳು ನಿಮ್ಮವೇ."

ತಾತ ಭೂತಗನ್ನಡಿ ಕೆಳಗಿಡುತ್ತಾರೆ. ಕಣ್ಣೊರೆಸಿಕೊಳ್ಳುತ್ತಾರೆ. ಕುರ್ಚಿ ಎಳೆದು, ಕೆಲಸ ಮುಗಿಸಿದವರಂತೆ ಕಾಲು ಚಾಚಿ ಕೂರುತ್ತಾರೆ.

"ಹಾಗಾದ್ರೆ ಸರಿಯಾಗಿದೆ ಬಿಡು," ಎನ್ನುತ್ತಾರೆ.